ಹಾಲು ನಿಲ್ಲಲ್ಲ, ಬ್ಲೋವರ್ ಬಿಚ್ಚಲೇಬೇಕು!

ಡೈರಿಗೆ ಬೆಳಿಗ್ಗೆ, ಸಂಜೆ ಹಾಲು ಬರ್ತಾನೇ ಇರುತ್ತೆ.
ಟ್ಯಾಂಕರ್, ಪೈಪು, ಕ್ಯಾನು ತೊಳೆದ ನೀರೂ ಹರೀತಾನೇ ಇರುತ್ತೆ.
ಆ ನೀರನ್ನ ಶುದ್ಧ ಮಾಡೋ ಘಟಕದ ದೊಡ್ಡ ಮಷಿನ್ನೇ ರಿಪೇರಿಗೆ ಬಂದ್ರೆ?

ಇಲ್ಲಿ ನಿಜವಾದ ಕೆಲಸಗಾರರು ಬ್ಯಾಕ್ಟೀರಿಯಾಗಳು.
ಹಾಲಿನ ಜಿಡ್ಡು, ಸಕ್ಕರೆ ಅಂಶ ಎಲ್ಲಾ ತಿಂದು
ನೀರನ್ನ ತಿಳಿ ಮಾಡ್ತವೆ.
ಅವಕ್ಕೆ ಉಸಿರು ಕೊಡೋದು ಆ ದೊಡ್ಡ ಮಷಿನ್, ಅಂದ್ರೆ ಗಾಳಿ ಊದೋ ಬ್ಲೋವರ್.
ಮನೇಲಿ ಮೀನಿನ ತೊಟ್ಟಿಗೆ ಗುಳ್ಳೆ ಬಿಡೋ ಪುಟ್ಟ ಪಂಪ್ ಇರುತ್ತಲ್ಲ, ಹಾಗೇ.

ಗಾಳಿ ನಿಂತು ತುಂಬಾ ಹೊತ್ತಾದ್ರೆ?
ಕಂದು ಕೆಸರು ಕಪ್ಪಾಗುತ್ತೆ.
ಕೊಳೆತ ಮೊಟ್ಟೆ ವಾಸನೆ ಏಳುತ್ತೆ.
ಸತ್ತ ಬ್ಯಾಕ್ಟೀರಿಯಾ ಮತ್ತೆ ಬೆಳೆಯೋಕೆ ವಾರಗಳೇ ಹಿಡಿಯಬಹುದು.
ಅಲ್ಲೀವರೆಗೆ ಆ ಕೊಳಕು ನೀರು ಹೋಗೋದೆಲ್ಲಿಗೆ? ಯಾರದೋ ಊರಿನ ಕೆರೆಗೆ.

ಅದಕ್ಕೇ, ಸ್ಪ್ಯಾನರ್ ಹಿಡಿಯೋ ಮೊದಲೇ ತಯಾರಿ ಆಗ್ಬೇಕು.
ಕೊಳಕು ನೀರು ಮೊದಲು ಬಂದು ಸೇರೋ ಟ್ಯಾಂಕ್ ಇದೆಯಲ್ಲ,
ಅದರ ಮಟ್ಟ ಹಿಂದಿನ ದಿನವೇ ಇಳಿಸಿಡಿ. ಜಾಗ ಸಿಗುತ್ತೆ.

ಸ್ಟ್ಯಾಂಡ್‌ಬೈ ಬ್ಲೋವರ್ ಇದ್ಯಾ?
ಸುಮ್ನೆ ಆನ್ ಮಾಡಿ ನೋಡಿದ್ರೆ ಸಾಲದು.
ಪೂರ್ತಿ ಲೋಡ್‌ನಲ್ಲಿ ಒಂದು ಶಿಫ್ಟ್ ಓಡಿಸಿ.
ಬೇರಿಂಗ್ ಶಬ್ದ ಕೇಳಿ.
ಇಲ್ವಾ? ಬಾಡಿಗೆಗೆ ತನ್ನಿ.
ಅದು ಗಾಳಿ ಊದೋಕೆ ಶುರು ಮಾಡಿದ ಮೇಲೇ
ಹಳೇದನ್ನ ನಿಲ್ಲಿಸಿ.

ಇನ್ನು ಬ್ಯಾಕ್ಟೀರಿಯಾ ಇರೋ ಟ್ಯಾಂಕಿನ ಆಮ್ಲಜನಕ ಮೀಟರ್ ಮೇಲೆ ಕಣ್ಣಿಡಿ.
ಕರಗಿದ ಆಮ್ಲಜನಕ ಲೀಟರಿಗೆ ಸುಮಾರು 2 ಮಿಲಿಗ್ರಾಂ ಇರಬೇಕು.
ಇಳೀತಿದ್ಯಾ? ಒಳಗೆ ಬಿಡೋ ನೀರು ಕಡಿಮೆ ಮಾಡಿ.
ಇದನ್ನ ನೋಡೋಕೆ ರಾತ್ರಿ ಪಾಳಿಯಲ್ಲೂ ಒಬ್ಬರು ಇರಲೇಬೇಕು, ಇದರಲ್ಲಿ ರಾಜಿ ಬೇಡ.

ರಿಪೇರಿಯಾದ ಬ್ಲೋವರ್ ಒಂದಿಡೀ ದಿನ ಸರಿಯಾಗಿ ಓಡಲಿ.
ಅಲ್ಲೀವರೆಗೂ ಬಾಡಿಗೆದನ್ನ ವಾಪಸ್ ಕಳಿಸಬೇಡಿ.