ಮಗುವಿನ ಕಣ್ಣು ‘ಸೋಮಾರಿ’ ಆಗುವ ಮುನ್ನ

ಮಗುವನ್ನು ಶಾಲೆಗೆ ಸೇರಿಸುವ ಹೊತ್ತಿಗೆ ಮನೆಯಲ್ಲಿ ಸಿದ್ಧತೆ ಜೋರಾಗಿಯೇ ನಡೆಯುತ್ತದೆ. ಸಮವಸ್ತ್ರ ಹೊಲಿಸುತ್ತೇವೆ, ಬ್ಯಾಗು, ನೀರಿನ ಬಾಟಲಿ ಕೊಳ್ಳುತ್ತೇವೆ, ಚುಚ್ಚುಮದ್ದಿನ ಕಾರ್ಡು ಹುಡುಕಿ ಇಡುತ್ತೇವೆ. ಆದರೆ ಮಗುವಿಗೆ ಎರಡೂ ಕಣ್ಣು ಸಮನಾಗಿ ಕಾಣುತ್ತಿವೆಯೇ ಎಂದು ಪರೀಕ್ಷೆ ಮಾಡಿಸುವವರು ಕಡಿಮೆ. ‘ಅವನಿಗೇನು, ನೆಲಕ್ಕೆ ಬಿದ್ದ ಸಾಸಿವೆ ಕಾಳನ್ನೂ ಹೆಕ್ಕುತ್ತಾನೆ’ ಎಂಬ ಧೈರ್ಯ. ಆದರೆ ಸಾಸಿವೆ ಹೆಕ್ಕಲು ಒಂದು ಕಣ್ಣು ಸಾಕು. ಇನ್ನೊಂದು ಕಣ್ಣು ಮಂಜಾಗಿದ್ದರೂ ಮಗು ದೂರುವುದಿಲ್ಲ. ಹುಟ್ಟಿದಾಗಿನಿಂದ ಹಾಗೆಯೇ ಕಂಡಿದ್ದರಿಂದ ಎಲ್ಲರಿಗೂ ಹೀಗೆಯೇ ಕಾಣುತ್ತದೆ ಎಂದು ಅದು ತಿಳಿದಿರುತ್ತದೆ.

ನೋಡುವುದನ್ನು ಕಲಿಯುವ ವಯಸ್ಸು

ನೋಟ ಎಂಬುದು ಕಣ್ಣೊಂದರ ಕೆಲಸವಲ್ಲ. ಕಣ್ಣಿನೊಳಗಿನ ಅಕ್ಷಿಪಟಲದ ಮೇಲೆ ಮೂಡಿದ ಬಿಂಬವನ್ನು ಗುರುತಿಸುವುದು ಮಿದುಳು. ಮಗು ಹುಟ್ಟಿದಾಗ ಈ ವ್ಯವಸ್ಥೆ ಪೂರ್ತಿ ಬೆಳೆದಿರುವುದಿಲ್ಲ. ಸುಮಾರು ಏಳೆಂಟು ವರ್ಷದವರೆಗೆ ಎರಡೂ ಕಣ್ಣುಗಳಿಂದ ಸ್ಪಷ್ಟ ಬಿಂಬ ಬರುತ್ತಿದ್ದರೆ ಮಿದುಳು ಎರಡನ್ನೂ ಬಳಸಲು ಕಲಿಯುತ್ತದೆ. ಒಂದು ಕಣ್ಣಿನ ಬಿಂಬ ಮಸುಕಾಗಿದ್ದರೆ ಅದನ್ನು ಬದಿಗೊತ್ತಿ, ಒಳ್ಳೆಯ ಕಣ್ಣನ್ನೇ ನೆಚ್ಚಿಕೊಳ್ಳುತ್ತದೆ. ಇದಕ್ಕೆ ‘ಸೋಮಾರಿ ಕಣ್ಣು’ ಅಥವಾ ಆಂಬ್ಲಿಯೋಪಿಯಾ ಎನ್ನುತ್ತಾರೆ. ನೂರು ಮಕ್ಕಳಲ್ಲಿ ಒಂದಿಬ್ಬರಿಗೆ ಈ ತೊಂದರೆ ಇರುತ್ತದೆ.

ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು ಮುಚ್ಚಿ, ಕೆಲವು ವಾರಗಳ ನಂತರ ಬಿಡಿಸಿದರು. ಕಣ್ಣು ಚೆನ್ನಾಗಿಯೇ ಇತ್ತು. ಆದರೆ ಮಿದುಳಿನ ಜೀವಕೋಶಗಳು ಆ ಕಣ್ಣಿಗೆ ಓಗೊಡುವುದನ್ನು ಬಹುಮಟ್ಟಿಗೆ ನಿಲ್ಲಿಸಿದ್ದವು. ಬೆಳೆದ ಬೆಕ್ಕಿನ ಕಣ್ಣನ್ನು ಮುಚ್ಚಿದಾಗ ಹೀಗಾಗಲಿಲ್ಲ. ಈ ಸಂಶೋಧನೆಗೆ ಅವರಿಗೆ 1981ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ಮಕ್ಕಳ ಕಣ್ಣಿನ ಚಿಕಿತ್ಸೆಯಲ್ಲಿ ವೈದ್ಯರು ಅವಸರ ಮಾಡುವುದು ಇದೇ ಕಾರಣಕ್ಕೆ.

ಕಾರಣಗಳು ಮೂರು

ಮೊದಲನೆಯದು ಮೆಳ್ಳೆಗಣ್ಣು. ಇದನ್ನು ಅದೃಷ್ಟದ ಗುರುತು ಎಂದು ಸುಮ್ಮನಿರುವವರು ಇಂದಿಗೂ ಇದ್ದಾರೆ. ಹುಟ್ಟಿದ ಮೊದಲ ಮೂರು–ನಾಲ್ಕು ತಿಂಗಳು ಕಣ್ಣು ಆಗಾಗ ಓರೆಯಾಗುವುದು ಸಹಜ. ಆ ಮೇಲೂ ಉಳಿದರೆ ವೈದ್ಯರಿಗೆ ತೋರಿಸಬೇಕು. ಎರಡನೆಯದು ಎರಡು ಕಣ್ಣುಗಳ ಪವರಿನಲ್ಲಿ ಹೆಚ್ಚಿನ ವ್ಯತ್ಯಾಸ. ಇದು ಹೊರಗೆ ಕಾಣುವುದೇ ಇಲ್ಲವಾದ್ದರಿಂದ ಹೆಚ್ಚು ಮೋಸ ಮಾಡುತ್ತದೆ. ಮೂರನೆಯದು ಹುಟ್ಟಿನಿಂದಲೇ ಬಂದ ಪೊರೆ ಅಥವಾ ಜೋತುಬಿದ್ದ ರೆಪ್ಪೆ.

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಮಗು ಆಟದಲ್ಲಿ ಮುಳುಗಿರುವಾಗ ಅಂಗೈಯಿಂದ ಒಂದೊಂದೇ ಕಣ್ಣನ್ನು ಮರೆಮಾಡಿ. ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದಾಗ ಕೈ ತಳ್ಳಿದರೆ, ಅತ್ತರೆ ಅನುಮಾನ ಪಡಬೇಕು. ತಲೆ ವಾಲಿಸಿ ನೋಡುವುದು, ಬಿಸಿಲಿನಲ್ಲಿ ಒಂದೇ ಕಣ್ಣು ಮುಚ್ಚುವುದು, ಟಿ.ವಿ.ಗೆ ಅಂಟಿಕೊಂಡು ಕೂರುವುದು ಇತರ ಸೂಚನೆಗಳು. ಕಣ್ಣಿನ ಪಾಪೆಯಲ್ಲಿ ಬೆಕ್ಕಿನ ಕಣ್ಣಿನಂತೆ ಬಿಳಿ ಹೊಳಪು ಕಂಡರೆ ಮಾತ್ರ ಒಂದು ದಿನವೂ ಕಾಯಬಾರದು. ಅದು ಪೊರೆಯಾಗಿರಬಹುದು, ಅಕ್ಷಿಪಟಲದ ಕ್ಯಾನ್ಸರೂ ಆಗಿರಬಹುದು.

ಯಾವ ಸೂಚನೆಯೂ ಇಲ್ಲದಿದ್ದರೂ ಮೂರು–ನಾಲ್ಕನೇ ವರ್ಷದಲ್ಲಿ ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಅಕ್ಷರ ಬಾರದ ಮಗುವಿಗೂ ಚಿತ್ರಗಳ ಫಲಕದಿಂದ ಪರೀಕ್ಷೆ ಮಾಡಬಹುದು. ಮಕ್ಕಳು ಕಣ್ಣಿನ ಸ್ನಾಯುವನ್ನು ಬಿಗಿಹಿಡಿದು ಪವರನ್ನು ಮರೆಸಬಲ್ಲರು. ಆದ್ದರಿಂದ ಮದ್ದು ಹಾಕಿ ಪಾಪೆ ಹಿಗ್ಗಿಸಿಯೇ ಅಳೆಯಬೇಕು. ಅಟ್ರೋಪಿನ್ ಮುಲಾಮು ಹಾಕಿದರೆ ಹತ್ತು–ಹದಿನೈದು ದಿನ ಹತ್ತಿರದ್ದು ಮಸುಕಾಗಿ ಕಾಣಬಹುದು, ಬೆಳಕು ಚುಚ್ಚಬಹುದು. ಇದಕ್ಕೆ ಗಾಬರಿ ಬೇಡ.

ಕನ್ನಡಕ, ಪಟ್ಟಿ, ತಾಳ್ಮೆ

ಚಿಕಿತ್ಸೆಯ ಮೊದಲ ಮೆಟ್ಟಿಲು ಕನ್ನಡಕ. ಪವರಿನ ವ್ಯತ್ಯಾಸದಿಂದ ಸೋಮಾರಿಯಾದ ಕಣ್ಣು ಕೆಲವು ಮಕ್ಕಳಲ್ಲಿ ಕನ್ನಡಕವೊಂದರಿಂದಲೇ ಸರಿಹೋಗುತ್ತದೆ. ಸಾಲದಿದ್ದರೆ ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಿ ದುರ್ಬಲ ಕಣ್ಣಿಗೆ ದುಡಿಮೆ ಕೊಡಬೇಕು. ಹಿಂದೆ ದಿನವಿಡೀ ಮುಚ್ಚಿಸುತ್ತಿದ್ದರು. ಮೂರರಿಂದ ಏಳು ವರ್ಷದೊಳಗಿನ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಧ್ಯಮ ಮಟ್ಟದ ತೊಂದರೆಗೆ ದಿನಕ್ಕೆ ಎರಡು ಗಂಟೆಯ ಪಟ್ಟಿ ಆರು ಗಂಟೆಯಷ್ಟೇ ಫಲ ಕೊಟ್ಟಿತು. ಎಷ್ಟು ಹೊತ್ತು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಪಟ್ಟಿಯನ್ನು ಗಾಜಿನ ಮೇಲಲ್ಲ, ಚರ್ಮಕ್ಕೇ ಅಂಟಿಸಿ ಮೇಲೆ ಕನ್ನಡಕ ಹಾಕಬೇಕು. ಇಲ್ಲದಿದ್ದರೆ ಮಗು ಸಂದಿನಿಂದ ಇಣುಕುತ್ತದೆ.

ಮೊದಲ ವಾರ ರಂಪ ಖಂಡಿತ. ಒಳ್ಳೆಯ ಕಣ್ಣು ಮುಚ್ಚಿದರೆ ಮಗುವಿಗೆ ನಿಜವಾಗಿಯೂ ಕಾಣುವುದಿಲ್ಲ, ಹೆದರಿಕೆಯಾಗುತ್ತದೆ. ಬೈಯುವ ಬದಲು ಆ ಹೊತ್ತನ್ನು ಆಟದ ಹೊತ್ತಾಗಿ ಮಾಡಿ. ಚುಕ್ಕಿ ರಂಗೋಲಿ ಸೇರಿಸುವುದು, ಚಿತ್ರಕ್ಕೆ ಬಣ್ಣ ತುಂಬುವುದು, ಮಣಿ ಪೋಣಿಸುವುದು, ಅಜ್ಜಿಯ ಜೊತೆ ಅವರೆಕಾಳು ಬಿಡಿಸುವುದು, ಚೌಕಾಬಾರ ಆಡುವುದು ಎಲ್ಲವೂ ಕಣ್ಣಿಗೆ ಒಳ್ಳೆಯ ಕೆಲಸವೇ. ಮೆಟ್ಟಿಲು, ರಸ್ತೆ ಕಡೆ ಮಾತ್ರ ಬಿಡಬೇಡಿ.

ಚೌಕಟ್ಟು ಹಗುರವಾಗಿರಲಿ, ಒಡೆಯದ ಪ್ಲಾಸ್ಟಿಕ್ ಅಥವಾ ಪಾಲಿಕಾರ್ಬನೇಟ್ ಲೆನ್ಸ್ ಇರಲಿ. ಮೂಗಿನ ಮೇಲಿಂದ ಜಾರಿದರೆ ಮಗು ಗಾಜಿನ ಮೇಲಿನಿಂದ ನೋಡುತ್ತದೆ, ಆಗ ಕನ್ನಡಕ ಇದ್ದೂ ಇಲ್ಲದಂತೆ. ತಲೆಯ ಹಿಂದೆ ಎಲಾಸ್ಟಿಕ್ ಪಟ್ಟಿ ಕಟ್ಟಿಸಿ. ಸೀರೆಯ ಸೆರಗಿನಿಂದ ಒಣಗಾಜು ಒರೆಸಿದರೆ ಗೀರು ಬೀಳುತ್ತದೆ. ಮೊದಲು ನೀರಿನಲ್ಲಿ ತೊಳೆಯಿರಿ.

ಕೆಲವು ತಪ್ಪು ನಂಬಿಕೆಗಳು

ಈಗಲೇ ಕನ್ನಡಕ ಹಾಕಿದರೆ ಕಣ್ಣು ಅದಕ್ಕೇ ಒಗ್ಗಿ ಕೆಡುತ್ತದೆ ಎಂಬುದು ನಿಜವಲ್ಲ. ದೂರದೃಷ್ಟಿಯಿಂದ ಬಂದ ಕೆಲವು ಮೆಳ್ಳೆಗಣ್ಣು ಕನ್ನಡಕ ಹಾಕಿದಾಗ ನೇರವಾಗಿ, ತೆಗೆದೊಡನೆ ಮತ್ತೆ ಓರೆಯಾಗುತ್ತದೆ. ಇದನ್ನು ನೋಡಿ ‘ಕನ್ನಡಕದಿಂದಲೇ ಮೆಳ್ಳೆ ಬಂತು’ ಎಂದು ಮೂಲೆಗಿಡುವವರಿದ್ದಾರೆ. ಕನ್ನಡಕ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಕ್ಯಾರೆಟ್, ಸೊಪ್ಪು ತಿನ್ನುವುದು ಒಳ್ಳೆಯದು, ಎ ಅನ್ನಾಂಗ ಇರುಳುಗಣ್ಣನ್ನು ತಡೆಯುತ್ತದೆ. ಆದರೆ ಪವರು ಅದರಿಂದ ಇಳಿಯುವುದಿಲ್ಲ.

‘ಹೆಣ್ಣುಮಗು, ಈಗಲೇ ಕನ್ನಡಕವೇ?’ ಎಂಬ ಹಿರಿಯರ ಮಾತಿಗೆ ಮಣಿದು ಮದುವೆ, ನಾಮಕರಣಗಳಲ್ಲಿ ತೆಗೆಸಿಡುವ ತಾಯಂದಿರು ಅನೇಕರು. ಕನ್ನಡಕ ನಾಚಿಕೆಯ ವಸ್ತು ಎಂಬ ಪಾಠವನ್ನು ಮಗು ಕಲಿಯುವುದು ಆಗಲೇ. ‘ಸೋಡಾಬುಡ್ಡಿ’ ಎಂದು ಗೆಳೆಯರು ರೇಗಿಸಿದಾಗ ಅದನ್ನು ಎದುರಿಸುವ ಬಲ ಮನೆಯಿಂದಲೇ ಸಿಗಬೇಕು. ಟೀಚರಿಗೆ ವಿಷಯ ತಿಳಿಸಿ, ಮುಂದಿನ ಬೆಂಚಿನಲ್ಲಿ ಕೂರಿಸಲು ಕೇಳಿ. ದೊಡ್ಡವಳಾದ ಮೇಲೆ ಕನ್ನಡಕದ ಬದಲು ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಬಹುದು. ಬಾಲ್ಯದಲ್ಲಿ ಕಲಿಯದ ನೋಟವನ್ನು ಆಗ ತರುವುದು ಬಹಳ ಕಷ್ಟ.

ವಯಸ್ಸು ಎಂಟು ದಾಟಿದೆ ಎಂದು ಪೂರ್ತಿ ಕೈಚೆಲ್ಲಬೇಕಿಲ್ಲ. ಹಿಂದೆ ಚಿಕಿತ್ಸೆ ಪಡೆಯದ ಹದಿಹರೆಯದ ಕೆಲವರಲ್ಲೂ ಸುಧಾರಣೆ ಕಂಡಿದೆ. ಆದರೆ ತಡವಾದಷ್ಟೂ ಫಲ ಕಡಿಮೆ. ಖರ್ಚಿನ ಯೋಚನೆಯಿದ್ದರೆ ಸರ್ಕಾರಿ ಆಸ್ಪತ್ರೆ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ದೃಷ್ಟಿಯನ್ನೂ ನೋಡುತ್ತವೆ. ನಿಮ್ಮ ಮಗುವಿನ ಐದನೇ ಹುಟ್ಟುಹಬ್ಬ ಇನ್ನೂ ಬಂದಿಲ್ಲವಾದರೆ, ಅದಕ್ಕೆ ಮೊದಲೇ ಒಮ್ಮೆ ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಿರಿ.