ರಂಗನತಿಟ್ಟು: ನೀರ ನಡುವಿನ ಬಾಣಂತಿಮನೆ

ಕೋಲಾರ ಜಿಲ್ಲೆಯ ಸುಗಟೂರಿನಂಥ ಊರಿನ ಮಕ್ಕಳಿಗೆ ನೀರೆಂದರೆ ಕೆರೆ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲ. ಪಾಲಾರ್ ಕೂಡ ಬಹುಪಾಲು ದಿನ ಬರಿಯ ಮರಳಿನ ಹಾಸು. ಹೀಗಾಗಿ ಮೈಸೂರು ಪ್ರವಾಸಕ್ಕೆ ಹೊರಟ ಶಾಲಾ ಬಸ್ಸು ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ನಿಂತಾಗ, ಮಕ್ಕಳ ಕಣ್ಣಿಗೆ ಮೊದಲು ಬೀಳುವುದು ಹಕ್ಕಿಯಲ್ಲ, ಕಾವೇರಿ. ಆಮೇಲೆ ಮರಗಳ ಮೇಲಿನ ಬಿಳಿಯ ಹೂಗಳು ರೆಕ್ಕೆ ಬಿಚ್ಚಿ ಹಾರತೊಡಗುತ್ತವೆ!

ತಿಟ್ಟು ಹುಟ್ಟಿದ ಬಗೆ

ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಇಲ್ಲಿ ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಲಾಯಿತು. ನೀರು ಹಿಂದಕ್ಕೆ ನಿಂತಿತು. ಎತ್ತರದ ನೆಲ ಪುಟ್ಟ ಪುಟ್ಟ ತಿಟ್ಟುಗಳಾಗಿ ಉಳಿಯಿತು. ಹಕ್ಕಿಗಳು ಇಲ್ಲಿ ಗೂಡುಕಟ್ಟುವುದನ್ನು ಕಂಡ ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಮಹಾರಾಜರ ಗಮನ ಸೆಳೆದರು. 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲ ಜೌಗು ತಾಣವೂ ಇದೇ. ವಿಸ್ತೀರ್ಣ ಸುಮಾರು 0.67 ಚದರ ಕಿಲೋಮೀಟರ್ ಮಾತ್ರ.

ಇಷ್ಟು ಚಿಕ್ಕ ಜಾಗಕ್ಕೆ ಹಕ್ಕಿಗಳೇಕೆ ಮುಗಿಬೀಳುತ್ತವೆ? ಸುತ್ತಲ ನೀರು ಕೋಟೆಯ ಕಂದಕವಿದ್ದಂತೆ. ಬೆಕ್ಕು, ನಾಯಿಗಳು ಸುಲಭವಾಗಿ ದಾಟಲಾರವು. ದಾಟಹೊರಟರೆ ಮೊಸಳೆಗಳ ಕಾವಲಿದೆ. ಅವುಗಳಿಗೇನೂ ಹಕ್ಕಿಗಳ ಮೇಲೆ ಮಮತೆಯಿಲ್ಲ. ಆಯ ತಪ್ಪಿ ನೀರಿಗೆ ಬಿದ್ದ ಮರಿ ಅವುಗಳ ಪಾಲು. ಆದರೂ ಗೂಡಿಗೆ ಲಾಭವೇ ಹೆಚ್ಚು.

ಋತುವಿಗೊಂದು ನೋಟ

ಚಳಿಗಾಲ ಕಾಲಿಡುತ್ತಿದ್ದಂತೆ ವಲಸೆ ಹಕ್ಕಿಗಳು ಬರುತ್ತವೆ. ವರ್ಷದ ಮೊದಲ ತಿಂಗಳುಗಳಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಚಮಚ ಕೊಕ್ಕಿನ ಹಕ್ಕಿಗಳ ಸಂಸಾರ ಜೋರು. ಒಂದೇ ಮರದಲ್ಲಿ ಹಲವು ಜಾತಿ ನೆಲೆಸಿದರೂ ಊಟಕ್ಕೆ ಜಗಳ ಕಡಿಮೆ. ಬಾಯ್ಕಳಕದ ಎರಡು ಕೊಕ್ಕುಗಳ ನಡುವೆ ಸಂದಿಯಿದೆ. ಅದರ ಮುಖ್ಯ ಆಹಾರ ಬಸವನಹುಳು. ಚಮಚ ಕೊಕ್ಕಿನ ಹಕ್ಕಿ ಕೊಕ್ಕನ್ನು ನೀರಲ್ಲಿ ಅತ್ತಿತ್ತ ಬೀಸಿ ಜರಡಿ ಹಿಡಿಯುತ್ತದೆ. ನೀರುಕಾಗೆ ಮುಳುಗಿ ಮೀನು ಹಿಡಿಯುತ್ತದೆ. ಕೊಕ್ಕಿನ ಆಕಾರ ನೋಡಿದರೆ ಸಾಕು, ಊಟದ ಬುತ್ತಿ ತಿಳಿಯುತ್ತದೆ.

ಬಂಡೆಯ ಮೇಲಿನ ಮೊಟ್ಟೆ

ಬೇಸಿಗೆಯಲ್ಲಿ ನೀರು ಇಳಿದು ಬಂಡೆಗಳು ತಲೆಯೆತ್ತುತ್ತವೆ. ನದಿ ರೀವ ಹಕ್ಕಿಗೆ ಇದೇ ತೊಟ್ಟಿಲು. ಅದು ಗೂಡು ಕಟ್ಟುವುದಿಲ್ಲ. ಬಂಡೆಯ ತಗ್ಗಿನಲ್ಲೋ ಮರಳಿನಲ್ಲೋ ಎರಡು ಮೂರು ಮೊಟ್ಟೆಯಿಡುತ್ತದೆ. ಚುಕ್ಕೆಗಳಿರುವ ಆ ಮೊಟ್ಟೆ ಕಲ್ಲಿನೊಡನೆ ಕಲ್ಲಾಗಿ ಕಾಣುತ್ತದೆ. ಬಿಸಿಲೇರಿದಾಗ ತಾಯ್ತಂದೆಯರು ಹೊಟ್ಟೆಯ ಗರಿ ನೆನೆಸಿ ಬಂದು ಮೊಟ್ಟೆಯನ್ನು ತಂಪುಮಾಡುತ್ತವೆ. ಇಲ್ಲಿ ಕಾವಿಗಿಂತ ತಂಪೇ ದೊಡ್ಡ ಚಿಂತೆ!

ಆದರೆ ಮೇಲ್ಭಾಗದಲ್ಲಿ ಕೃಷ್ಣರಾಜಸಾಗರ ಅಣೆಕಟ್ಟಿದೆ. ಗದ್ದೆಗೋ ಊರಿಗೋ ನೀರು ಬಿಟ್ಟಾಗ ಹೊಳೆ ಹಠಾತ್ತನೆ ಏರಿದರೆ ಈ ಮೊಟ್ಟೆಗಳಿಗೆ ಉಳಿಗಾಲವಿಲ್ಲ. ನೀರು ತೀರಾ ಇಳಿದರೂ ಕಷ್ಟವೇ. ಕಂದಕ ಬತ್ತಿದರೆ ನಾಯಿಗಳಿಗೆ ದಾರಿ ತೆರೆಯುತ್ತದೆ. ನದಿ ರೀವ ಇಂದು ಜಗತ್ತಿನ ಅಪಾಯದಂಚಿನ ಪಕ್ಷಿಗಳ ಪಟ್ಟಿಯಲ್ಲಿದೆ.

ಮಳೆಗಾಲದ ಮಾತು ಬೇರೆ. 2024ರ ಜುಲೈ ಕೊನೆಯ ಹೊತ್ತಿಗೆ ಅಣೆಕಟ್ಟಿನಿಂದ 1 ಲಕ್ಷ ಕ್ಯೂಸೆಕ್ಸ್‌ಗೂ ಹೆಚ್ಚು ನೀರು ಹರಿಯಿತು. ಅಂದರೆ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್! ಇಂಥ ದಿನಗಳಲ್ಲಿ ದೋಣಿವಿಹಾರ ನಿಲ್ಲುತ್ತದೆ, ತಿಟ್ಟಿನ ಮಣ್ಣು ಕೊಚ್ಚಿಹೋಗುತ್ತದೆ. ಮಣ್ಣು ಹೋದರೆ ಮರ, ಮರ ಹೋದರೆ ಗೂಡು.

ಊರ ಕೆರೆಯಲ್ಲೂ ಪಾಠ

ಪಾಲಕರು ಮಕ್ಕಳನ್ನು ಇಲ್ಲಿಗೆ ಕರೆತಂದಾಗ ಕಿರುಚಾಟ, ಪ್ಲಾಸ್ಟಿಕ್ ಚೀಲಗಳನ್ನು ಮನೆಯಲ್ಲೇ ಬಿಟ್ಟುಬರುವುದು ಒಳಿತು. ಬೆಚ್ಚಿದ ತಾಯಿಹಕ್ಕಿ ಎದ್ದುಹೋದರೆ ಬಿಸಿಲು, ಕಾಗೆ, ಹದ್ದು ಮೂರೂ ಮರಿಯ ಮೇಲೆರಗುತ್ತವೆ.

ಊರಿಗೆ ಮರಳಿದ ಮೇಲೂ ಪಾಠ ಮುಗಿಯದು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಹಲವು ಕೆರೆಗಳಿಗೆ ಹರಿದಿದೆ. ದಂಡೆಯ ಮೇಲೆಯೇ ನಿಂತು, ಯಾವ ತಿಂಗಳು ಯಾವ ಹಕ್ಕಿ ಬಂತು, ಆಗ ನೀರು ಎಷ್ಟಿತ್ತು ಎಂದು ವಿದ್ಯಾರ್ಥಿಗಳು ಬರೆದಿಡಬಹುದು. ವರ್ಷ ತುಂಬುವ ಹೊತ್ತಿಗೆ ಆ ನೋಟ್‌ಪುಸ್ತಕವೇ ಊರ ಕೆರೆಯ ಪಂಚಾಂಗವಾಗುತ್ತದೆ.