ಸೈಡ್ ಮಿರರ್‌ನಲ್ಲಿ ಕಾಣೋ ಲಾರಿ ನಿಜಕ್ಕೂ ಎಷ್ಟು ದೂರ?

ಇವತ್ತು ನಿಮ್ಮ ಸ್ಕೂಟರ್‌ನ ಮಿರರ್ ಬಗ್ಗೆ ಮಾತಾಡೋಣ. ಸ್ಟೈಲ್‌ಗೆ ಅಂತ ಅದನ್ನ ಬಿಚ್ಚಿಟ್ಟವರೂ ಇದ್ದೀರಿ, ಬರೀ ತಲೆ ಬಾಚೋಕೆ ಬಳಸೋರೂ ಇದ್ದೀರಿ. ಇಬ್ಬರೂ ಕೇಳಿ.

ಮೊದಲು ಒಂದು ಸ್ಟೀಲ್ ಚಮಚ ತಗೊಳ್ಳಿ. ಅದರ ಉಬ್ಬಿದ ಬೆನ್ನಲ್ಲಿ ಮುಖ ನೋಡಿ. ಮುಖ ಚಿಕ್ಕದು, ಆದ್ರೆ ನೆಟ್ಟಗಿದೆ. ಜೊತೆಗೆ ಹಿಂದಿನ ಗೋಡೆ, ಕಿಟಕಿ, ಫ್ಯಾನ್ ಎಲ್ಲಾ ಕಾಣುತ್ತೆ. ಈಗ ಒಳಗಿನ ತಗ್ಗಿನಲ್ಲಿ ನೋಡಿ: ನೀವು ತಲೆಕೆಳಗು! ಬೆನ್ನು ಪೀನ ದರ್ಪಣ, ತಗ್ಗು ನಿಮ್ನ ದರ್ಪಣ. ಹತ್ತನೇ ಕ್ಲಾಸಿನ ಪಾಠ ನೆನಪಾಯ್ತಾ?

ಗಾಡಿಯಲ್ಲಿ ಎರಡಕ್ಕೂ ಕೆಲಸ ಇದೆ. ಹೆಡ್‌ಲೈಟ್ ಬಲ್ಬಿನ ಹಿಂದೆ ಸಾಮಾನ್ಯವಾಗಿ ಇರೋದು ನಿಮ್ನ ದರ್ಪಣ; ಚದುರೋ ಬೆಳಕನ್ನ ಒಟ್ಟುಮಾಡಿ ಮುಂದಕ್ಕೆ ಕಳಿಸುತ್ತೆ. ಸೈಡ್ ಮಿರರ್ ಪೀನ ದರ್ಪಣ. ಅದರ ಮೈ ಹೊರಗೆ ಉಬ್ಬಿರೋದ್ರಿಂದ ಅಕ್ಕಪಕ್ಕದ ಅಗಲವಾದ ಜಾಗದ ಬೆಳಕೂ ನಮ್ಮ ಕಣ್ಣಿಗೆ ಬರುತ್ತೆ. ಅಂಗೈಯಷ್ಟು ಕನ್ನಡಿಯಲ್ಲಿ ಇಡೀ ರಸ್ತೆ ಹಿಡಿಸುತ್ತೆ.

ಆದ್ರೆ ಅಷ್ಟೆಲ್ಲಾ ಹಿಡಿಸಬೇಕು ಅಂದ್ರೆ ಎಲ್ಲವೂ ಕುಗ್ಗಲೇಬೇಕು. ನಮ್ಮ ಮೆದುಳಿಗೋ, ಚಿಕ್ಕದಾಗಿ ಕಂಡಿದ್ದು ದೂರ ಇದೆ ಅನ್ನೋ ಅಭ್ಯಾಸ.

ನಾನೊಂದು ಲೆಕ್ಕ ಹಾಕಿದೆ. ಕನ್ನಡಿಯ ವಕ್ರತಾ ತ್ರಿಜ್ಯ 1.2 ಮೀಟರ್, ಕಣ್ಣಿಂದ ಅದು 80 ಸೆಂಟಿಮೀಟರ್ ದೂರ ಅಂತ ಇಟ್ಕೊಳ್ಳಿ. ಲಾರಿ ಕನ್ನಡಿಯಿಂದ 6 ಮೀಟರ್ ಹಿಂದಿದೆ. ಅದು ಕಾಣೋದು ಸುಮಾರು 15 ಮೀಟರ್ ದೂರದಲ್ಲಿ ಇದ್ದಷ್ಟು ಚಿಕ್ಕದಾಗಿ! ಲಾರಿ ನಿಮಗಿಂತ ಗಂಟೆಗೆ 20 ಕಿಲೋಮೀಟರ್ ಜೋರಾಗಿ ಬರ್ತಿದ್ರೆ, ಎರಡೂವರೆ ಸೆಕೆಂಡ್‌ಗಿಂತ ಜಾಸ್ತಿ ಟೈಮ್ ಇದೆ ಅನ್ಸುತ್ತೆ. ನಿಜಕ್ಕೂ ಇರೋದು ಸುಮಾರು ಒಂದು ಸೆಕೆಂಡ್.

ಅದಕ್ಕೇ ಎಷ್ಟೋ ಕಾರುಗಳ ಮಿರರ್ ಮೇಲೆ, ಕಾಣೋದಕ್ಕಿಂತ ವಸ್ತುಗಳು ಹತ್ತಿರ ಇವೆ ಅಂತ ಇಂಗ್ಲಿಷ್‌ನಲ್ಲಿ ಬರೆದಿರುತ್ತೆ. ಅಮೆರಿಕದಲ್ಲಂತೂ ಡ್ರೈವರ್ ಪಕ್ಕದ ಕನ್ನಡಿ ಚಪ್ಪಟೆ ಇರಬೇಕು. ಆಚೆ ಬದಿಯದು ಉಬ್ಬಿದ್ರೆ ಈ ಎಚ್ಚರಿಕೆ ಕಡ್ಡಾಯ.

ಹಾಗಾದ್ರೆ ಮಿರರ್ ಬೇಡ್ವಾ? ಖಂಡಿತ ಬೇಕು. ಹಿಂದೆ ಯಾರಾದ್ರೂ ಇದ್ದಾರಾ ಅನ್ನೋದನ್ನ ಅದು ಹೇಳುತ್ತೆ. ಎಷ್ಟು ಹತ್ತಿರ ಇದ್ದಾರೆ ಅನ್ನೋದಕ್ಕೆ ಮಾತ್ರ ಅದನ್ನೇ ನಂಬಬೇಡಿ. ಇಂಡಿಕೇಟರ್ ಹಾಕಿ, ಮಿರರ್ ನೋಡಿ, ಆಮೇಲೆ ಒಮ್ಮೆ ಕತ್ತು ತಿರುಗಿಸಿ ನೋಡಿ. ಆಮೇಲಷ್ಟೇ ಹ್ಯಾಂಡಲ್ ತಿರುಗಿಸಿ.

ಗಾಡಿ ಓಡಿಸ್ತಾ ಕೇಳ್ತಿದ್ರೆ ಚಮಚದ ಪ್ರಯೋಗ ಮನೆಗೆ ಹೋದ್ಮೇಲೆ ಮಾಡಿ. ಮತ್ತೆ ಸಿಗೋಣ.